ಒಂದು ಬೆರಳಿನಷ್ಟು ಆಟ

ಬುಧವಾರ ಬರಬೇಕಾಗಿದ್ದ ಪೆಟ್ಟಿಗೆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಬಂತು. ಕೊರಿಯರ್‌ನವನು ಸಹಿ ಹಾಕಿಸಿಕೊಳ್ಳುವ ಮೊದಲೇ ನನ್ನ ಪಾಲುದಾರ ಬ್ಲೇಡಿನಿಂದ ಅದರ ಹೊಟ್ಟೆ ಸೀಳಿಬಿಟ್ಟಿದ್ದ. ಒಳಗೆ ಥರ್ಮಾಕೋಲಿನ ನಡುವೆ ಮುಖ ಕಾಣುವಷ್ಟು ಹೊಳೆಯುವ ಅಲ್ಯುಮಿನಿಯಂ ಪೈಪು, ಅದರ ಎರಡು ತುದಿಗೆ ಹಾಕಲು ಕೆಂಪು ಸಿಲಿಕಾನ್ ತೋಳುಗಳು, ನಾಲ್ಕು ಕ್ಲಾಂಪು, ಒಂದು ದುಂಡನೆಯ ಏರ್ ಫಿಲ್ಟರ್, ಮತ್ತು ಯಾರಿಗೂ ಅರ್ಥವಾಗದ ಚಿತ್ರಗಳಿರುವ ಒಂದು ಹಾಳೆ. ಕಾರಿನ ಇಂಜಿನ್ನಿಗೆ ಹೊರಗಿನ ಗಾಳಿಯನ್ನು ಒಯ್ಯುವ ದಾರಿ ಇದು. ಇದು ಸರಿಯಿಲ್ಲದಿದ್ದರೆ ಇಂಜಿನ್ ನೆಗಡಿಯಾದವರ ಹಾಗೆ ಉಸಿರಾಡುತ್ತದೆ.

ಅದೇ ದಿನ ಸಂಜೆ ಐದರೊಳಗೆ ಈ ಪೈಪು ಕೂತ ಕಾರು ಗೋರೆಗಾಂವಿನ ಒಂದು ಮೈದಾನದಲ್ಲಿ ತಪಾಸಣೆಗೆ ನಿಲ್ಲಬೇಕಾಗಿತ್ತು. ಮರುದಿನ ಬೆಳಿಗ್ಗೆ ಅಲ್ಲಿಂದ ಹೆಂಗಸರ ಕಾರ್ ರ‍್ಯಾಲಿ. ತಪಾಸಣೆಯಲ್ಲಿ ಪಾಸಾಗಿ ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡ ಕಾರಿಗೆ ಮಾತ್ರ ಪ್ರವೇಶ. ಐದು ಗಂಟೆ ಒಂದು ನಿಮಿಷಕ್ಕೆ ಹೋದರೆ ಕೈಬೀಸಿ ಕಳಿಸುತ್ತಾರೆ ಅಂತ ಮೊದಲೇ ಹೇಳಿದ್ದರು.

ನಮ್ಮ ಗ್ಯಾರೇಜು ದಹಿಸರ್‌ನಲ್ಲಿ. ತಗಡಿನ ಮಾಡು, ಎರಡು ಕಾರು ನಿಂತರೆ ಮೂರನೆಯದು ಗಲ್ಲಿಯಲ್ಲಿ ನಿಂತು ಬೈಗುಳ ತಿನ್ನಬೇಕು. ನಾನು ವಿಜಯಪುರ ಕಡೆಯವನು, ಪಾಲುದಾರ ಸಾತಾರಾದವನು. ಹತ್ತೊಂಬತ್ತು ವರ್ಷದಿಂದ ಒಂದೇ ಜ್ಯಾಕಿನ ಕೆಳಗೆ ಮಲಗಿ ಕೆಲಸ ಮಾಡಿದ್ದೇವೆ. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಮರಾಠಿ. ನನ್ನ ಕನ್ನಡ ಮನೆಯಲ್ಲಿ ಮತ್ತು ಊರಿಂದ ಬರುವ ಫೋನಿನಲ್ಲಿ ಮಾತ್ರ. ಈ ಸಂಗತಿ ಮುಂದೆ ಎಷ್ಟು ಗೋಳು ಹುಯ್ದುಕೊಂಡಿತು ಅನ್ನುವುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಕಾರಿನ ಒಡತಿ, ನಾನು ಅಕ್ಕಾರು ಅನ್ನುವವರು, ಧಾರವಾಡದವರು. ಅಂಧೇರಿಯ ಒಂದು ವಿಮಾ ಕಚೇರಿಯಲ್ಲಿ ಕೆಲಸ, ನಿವೃತ್ತಿಗೆ ಇನ್ನೆರಡೇ ವರ್ಷ. ಗಂಡ, ನಮಗೆಲ್ಲ ಸಾಹೇಬರು, ಲಖನೌ ಕಡೆಯವರು, ಕನ್ನಡ ಒಂದಕ್ಷರ ಬರುವುದಿಲ್ಲ. ಅವರಿಗೆ ರ‍್ಯಾಲಿಯ ಹುಚ್ಚು. ಇಪ್ಪತ್ತು ವರ್ಷ ಅವರು ಸ್ಟಿಯರಿಂಗ್ ಹಿಡಿದದ್ದು, ಇವರು ಎಡಗಡೆ ಸೀಟಿನಲ್ಲಿ ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ದಾರಿ ಹೇಳಿದ್ದು. ಈ ವರ್ಷ ಸಾಹೇಬರ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಆ ಕಾಲಿನಿಂದ ಕ್ಲಚ್ ಒತ್ತುವಂತಿಲ್ಲ. ಅಷ್ಟರಲ್ಲಿ ಈ ಹೆಂಗಸರ ರ‍್ಯಾಲಿಯ ಸುದ್ದಿ ಬಂತು. ಓಡಿಸುವವರು ಹೆಂಗಸರಾಗಿರಬೇಕು, ಪಕ್ಕದಲ್ಲಿ ಯಾರು ಕೂತರೂ ನಡೆಯುತ್ತದೆ. ಎರಡು ವಾರದ ಹಿಂದೆ ಕಾರು ತಂದು ನಿಲ್ಲಿಸಿ ಅಕ್ಕಾರು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಇಪ್ಪತ್ತ ವರ್ಷ ಎಡಕ್ಕ ಕೂತೀನಿ ಅಣ್ಣಾರ. ಒಂದ ಸಲ ಬಲಕ್ಕ ಕೂಡಬೇಕಂತ ಮಾಡೇನಿ. ಗಾಡಿ ನೀವು ಸಜ್ಜ ಮಾಡಿ ಕೊಡ್ರಿ, ಉಳಿದದ್ದು ನಾ ನೋಡ್ಕೋತೀನಿ."

ನನ್ನ ಅಕ್ಕನ ವಯಸ್ಸಿನವರು ಹೀಗೆ ಕೇಳಿದರೆ ಆಗುವುದಿಲ್ಲ ಅನ್ನುವ ಬಾಯಿ ನನಗಿಲ್ಲ. ಒಪ್ಪಿಕೊಂಡೆ. ಕಾರು ಹದಿನೆಂಟು ವರ್ಷ ಹಳೆಯದು. ಬ್ರೇಕು, ಟಯರು, ಬೆಲ್ಟು ಎಲ್ಲ ಸರಿ ಮಾಡಿದೆವು. ಕೊನೆಗೆ ಉಳಿದದ್ದು ಗಾಳಿಯ ಕೊಳವೆ. ಕಂಪನಿಯ ರಬ್ಬರ್ ಕೊಳವೆ ಮಡಿಕೆ ಮಡಿಕೆಯಾಗಿ ಸೀಳಿಹೋಗಿತ್ತು, ಯಾರೋ ಅದಕ್ಕೆ ಕಪ್ಪು ಟೇಪು ಸುತ್ತಿದ್ದರು. ಟೇಪು ಸುತ್ತಿದ ಕೊಳವೆಯನ್ನು ತಪಾಸಣೆಯವರು ಪಾಸು ಮಾಡುವುದಿಲ್ಲ. ಆ ಮಾಡೆಲ್ಲಿನ ಅಸಲಿ ಕೊಳವೆ ಈಗ ಎಲ್ಲೂ ಸಿಗುವುದೂ ಇಲ್ಲ. ಹುಡುಕಿ ಹುಡುಕಿ ಸಾಕಾಗಿ ಈ ಹೊಳೆಯುವ ಪೈಪಿಗೆ ಆರ್ಡರ್ ಮಾಡಬೇಕಾಯಿತು.

ನಾನು ಇಂಥ ಪೈಪುಗಳ ವೈರಿ. ಸದ್ದು ಜೋರಾಗಬೇಕು ಅಂತ ಇದನ್ನು ಹಾಕಿಸಲು ಬರುವವರಿಗೆ ಚಹಾ ಕುಡಿಸಿ ವಾಪಸ್ ಕಳಿಸುತ್ತೇನೆ. ಮಾರುವವನು ಮಾತ್ರ ಫೋನಿನಲ್ಲಿ ಆಣೆ ಹಾಕಿದ್ದ, ಈ ಮಾಡೆಲ್ಲಿಗೆ ಕಣ್ಣು ಮುಚ್ಚಿಕೊಂಡು ಕೂಡಿಸಬಹುದು ಅಂತ. ಅವನು ಅದನ್ನು ಕಣ್ಣು ಮುಚ್ಚಿಕೊಂಡೇ ಕೂಡಿಸಿರಬೇಕು.

ಹನ್ನೊಂದಕ್ಕೆ ಕೈ ಹಚ್ಚಿದೆವು. ಅಕ್ಕಾರು ಕಚೇರಿಗೆ ರಜೆ ಹಾಕಿ ಬಂದು ಟಯರಿನ ಮೇಲೆ ಕೂತಿದ್ದರು. ಸಾಹೇಬರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಕೈಯಲ್ಲಿ ಊರುಗೋಲು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಆಮೇಲೆ ಗಾಳಿ ಅಳೆಯುವ ಸೆನ್ಸರಿನ ಪ್ಲಗ್ಗು, ಅದರ ನಾಲಿಗೆಯನ್ನು ಒತ್ತಿ ಎಳೆಯಬೇಕು, ಬರೀ ಎಳೆದರೆ ತಂತಿ ಕೈಗೆ ಬರುತ್ತದೆ. ಆಮೇಲೆ ಕ್ಲಾಂಪು ಸಡಿಲಿಸಿ ಹಳೆಯ ರಬ್ಬರ್ ಕೊಳವೆ ತೆಗೆದೆ. ಮುಟ್ಟಿದಲ್ಲೆಲ್ಲ ಹಪ್ಪಳದ ಹಾಗೆ ಪುಡಿಯಾಯಿತು.

ಕೊಳವೆ ತೆಗೆದ ಕೂಡಲೇ ಇಂಜಿನ್ನಿನ ಬಾಯಿ ತೆರೆದುಕೊಳ್ಳುತ್ತದೆ. ಅದರೊಳಗೆ ಒಂದು ನಟ್ಟು ಬಿದ್ದರೂ ಇಂಜಿನ್ನಿನ ಕತೆ ಮುಗಿಯಿತು. ಹಾಗಾಗಿ ಸ್ವಚ್ಛ ಬಟ್ಟೆಯೊಂದನ್ನು ಆ ಬಾಯಿಗೆ ತುರುಕಿ, ಬಟ್ಟೆಯ ತುದಿಗೆ ಅದೇ ಕಾರಿನ ಕೀಲಿ ಕಟ್ಟಿ ಹೊರಗೆ ಇಳಿಬಿಡುವುದು ನಮ್ಮ ಗ್ಯಾರೇಜಿನ ಪದ್ಧತಿ. ಕೀಲಿ ಬೇಕೆಂದರೆ ಬಟ್ಟೆ ತೆಗೆಯಲೇಬೇಕು. ಬಹಳ ವರ್ಷದ ಹಿಂದೆ ಒಮ್ಮೆ ಬಟ್ಟೆ ಮರೆತು ಗಾಡಿ ಚಾಲೂ ಮಾಡಿದ ಮಹಾಪುರುಷ ನಾನೇ. ಆ ಬಟ್ಟೆಯ ಚೂರುಗಳನ್ನು ಚಿಮಟದಿಂದ ಹೆಕ್ಕುತ್ತ ಎರಡು ದಿನ ಕಳೆದ ಮೇಲೆ ಈ ಬುದ್ಧಿ ಬಂತು.

ನಂತರ ಹಳೆಯ ಫಿಲ್ಟರ್ ಡಬ್ಬಿ. ಅದನ್ನು ಕಾರಿಗೆ ಹಿಡಿದಿಡಲು ಮೂರು ಕಿವಿ. ಎರಡು ಸುಲಭವಾಗಿ ಬಿಟ್ಟವು. ಮೂರನೆಯದು ಮಡ್‌ಗಾರ್ಡಿನ ಪಕ್ಕದಲ್ಲಿ, ರಬ್ಬರಿಗೆ ಕಚ್ಚಿಕೊಂಡಿತ್ತು. ಸ್ವಲ್ಪ ಅಲುಗಿಸಿದೆ, ಸ್ವಲ್ಪ ಎತ್ತಿದೆ, ಇನ್ನೂ ಸ್ವಲ್ಪ ಎತ್ತಿದೆ. ಪಟ್ ಅಂತ ಕಿವಿ ಮುರಿಯಿತು, ಅದರ ಜೊತೆ ಡಬ್ಬಿಯೂ ಉದ್ದಕ್ಕೆ ಸೀಳಿತು. ಮುರಿದದ್ದು ನನ್ನ ಕೈಯಲ್ಲಿ. ಪಾಲುದಾರನ ಕೈಯಲ್ಲಿ ಮುರಿದಿದ್ದರೆ ಬಯ್ಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ. ಇನ್ನು ಹೊಸ ಪೈಪು ಕೂಡದಿದ್ದರೆ ಹಳೆಯದನ್ನೇ ಟೇಪು ಸುತ್ತಿ ಹಾಕಿ ತಪಾಸಣೆಯವರ ಕೈಕಾಲು ಹಿಡಿಯೋಣ ಅನ್ನುವ ದಾರಿಯೂ ಮುಚ್ಚಿತು. ನನಗೆ ನಾಚಿಕೆಯಾಯಿತು. ಮುರಿದ ತುಂಡನ್ನು ಹಿಡಿದುಕೊಂಡು ಅಕ್ಕಾರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇನ್ನ ಹಿಂದ ಹೋಗೂ ದಾರಿ ಇಲ್ಲಲ್ರೀ? ಛಲೋ ಆತು ಬಿಡ್ರಿ. ಹಿಂದ ನೋಡೂ ಕೆಲಸ ತಪ್ತು."

ಹೊಸ ಪೈಪಿನ ಕೆಲಸ ಹೇಳಲು ಸುಲಭ. ಒಂದು ತುದಿಯ ತೋಳು ಇಂಜಿನ್ನಿನ ಬಾಯಿಗೆ, ಇನ್ನೊಂದು ತುದಿಯ ತೋಳು ಫಿಲ್ಟರಿಗೆ, ನಡುವೆ ಪೈಪು ಬ್ಯಾಟರಿಯ ಪಕ್ಕದಲ್ಲಿ ಬಾಗಿ ಹೋಗಬೇಕು. ಮೊದಲ ಸಲ ಇಂಜಿನ್ನಿನ ಕಡೆಯಿಂದ ಶುರು ಮಾಡಿದೆ. ಅಲ್ಲಿ ಚೆನ್ನಾಗಿ ಕೂತಿತು. ಆ ಕಡೆ ನೋಡಿದರೆ ಪೈಪಿನ ತುದಿ ಫಿಲ್ಟರಿನ ತೋಳಿಗಿಂತ ಒಂದು ಬೆರಳು ಮೇಲೆ. ಒತ್ತಿದರೆ ಇಳಿಯದು. ಬಿಚ್ಚಿ, ಎರಡನೆಯ ಸಲ ಫಿಲ್ಟರಿನ ಕಡೆಯಿಂದ ಬಂದೆ. ಅಲ್ಲಿ ಕೂತಿತು, ಇಂಜಿನ್ನಿನ ಕಡೆ ಒಂದು ಬೆರಳು ಓರೆ. ಸೋಪಿನ ನೀರು ಸವರಿದೆವು. ಸಿಲಿಕಾನ್ ತೋಳನ್ನು ಕಾಲುಚೀಲದ ಹಾಗೆ ಹಿಂದಕ್ಕೆ ಮಡಚಿ, ಪೈಪು ಬಂದ ಮೇಲೆ ಬಿಚ್ಚೋಣ ಅಂತ ನೋಡಿದೆವು. ಪಾಲುದಾರ ಮೇಲಿಂದ ಒತ್ತಿದ, ನಾನು ಕೆಳಗಿಂದ ಎಳೆದೆ. ಪೈಪು ಅಷ್ಟು ಹೊತ್ತು ಸುಮ್ಮನಿದ್ದು ಒಮ್ಮೆಗೇ ಜಾರಿ ನನ್ನ ಮೂರು ಗೆಣ್ಣಿನ ಚರ್ಮ ಒಯ್ದಿತು.

ಗಡಿಯಾರದಲ್ಲಿ ಒಂದು ಗಂಟೆಗೆ ಹತ್ತು ನಿಮಿಷ ಬಾಕಿ. ಪಾಲುದಾರ ಗ್ರೈಂಡರ್ ತಂದು ಪ್ಲಗ್ಗಿಗೆ ಹಾಕಿ ನಿಂತ. ಅವನ ಲೆಕ್ಕ ಸರಳ. ಪೈಪು ಒಂದು ಬೆರಳು ಜಾಸ್ತಿ, ಒಂದು ಬೆರಳು ಕತ್ತರಿಸಿ ಬಿಸಾಕಿದರೆ ಎರಡು ನಿಮಿಷದ ಕೆಲಸ. ನನಗೂ ಅದೇ ಸರಿ ಅನ್ನಿಸತೊಡಗಿತ್ತು. ಬೇಜಾರಾದವನಿಗೆ ಗ್ರೈಂಡರಿನಷ್ಟು ಚಂದದ ವಸ್ತು ಇನ್ನೊಂದಿಲ್ಲ. ಆದರೆ ಒಂದು ಅನುಮಾನ ಬಿಡಲಿಲ್ಲ. ಪೈಪು ಉದ್ದವಾಗಿದ್ದರೆ ಎರಡೂ ಸಲ ಒಂದೇ ಕಡೆ ಒಂದೇ ರೀತಿ ತಡೆಯಬೇಕು. ಇದು ಒಮ್ಮೆ ಮೇಲಕ್ಕೆ, ಇನ್ನೊಮ್ಮೆ ಓರೆಗೆ ಹೋಗುತ್ತದೆ. ಅಂದರೆ ನಡುವೆ ಎಲ್ಲೋ ಏನಕ್ಕೋ ತಾಗುತ್ತಿದೆ. ಕತ್ತರಿಸಿದ ಮೇಲೂ ತಾಗಿದರೆ ಪೈಪೂ ಹೋಯಿತು, ರ‍್ಯಾಲಿಯೂ ಹೋಯಿತು. ಗ್ರೈಂಡರ್ ಬೇಡ ಅಂದೆ. ಪಾಲುದಾರ ಅದನ್ನು ಕೆಳಗಿಟ್ಟ, ಆದರೆ ಪ್ಲಗ್ಗು ಬಿಚ್ಚಲಿಲ್ಲ.

ಅಕ್ಕಾರು ಏನಾತ್ರೀ ಅಂತ ಕೇಳಿದರು. ಬೆಳಗಿನಿಂದ ಅವರ ಧಾರವಾಡದ ಮಾತು ಕೇಳಿ ಕೇಳಿ ನನ್ನ ನಾಲಿಗೆಯೂ ಊರಿಗೆ ಹೋಗಿತ್ತು. ಕನ್ನಡದಲ್ಲೇ ಹೇಳಿದೆ.

"ಎಲ್ಲೋ ತಾಗಾಕತ್ತದ ಅಕ್ಕಾರ, ಎಲ್ಲಿ ಅಂತ ಕಾಣವಲ್ದು. ಇದಕ್ಕ ಆಟಾನ ಇಲ್ಲ. ಸ್ವಲ್ಪ ಆಟ ಬೇಕು ನೋಡ್ರಿ. ಆಟ ಸಿಕ್ಕರ ತಾನ ಕೂಡ್ತದ."

ಒಂದು ಭಾಗ ಅತ್ತಿತ್ತ ಸ್ವಲ್ಪ ಅಲುಗಾಡಲು ಇರುವ ಜಾಗಕ್ಕೆ ನಾವು ಆಟ ಅನ್ನುತ್ತೇವೆ. ನಮ್ಮೂರಲ್ಲಿ ಬಂಡಿಯ ಗಾಲಿಗೂ ಆಟ, ಬಾಗಿಲ ತಿರುಗಣಿಗೂ ಆಟ. ಅಕ್ಕಾರಿಗೆ ಅರ್ಥವಾಯಿತು, ತಲೆಯಾಡಿಸಿದರು. ನಾನು ಟಾರ್ಚು ಹಿಡಿದು ಬಾನೆಟ್ಟಿನೊಳಗೆ ತಲೆ ತುರುಕಿದೆ.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದರೆ ಪಾಲುದಾರ ನಾವು ಬಿಚ್ಚಿಟ್ಟ ಬೋಲ್ಟುಗಳ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ಒಂದೊಂದೇ ಬೋಲ್ಟನ್ನು ತಂತಿಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ನಟ್ಟು ಹಾಕಿ ತಿರುಗಿಸಿ ನೋಡುತ್ತಿದ್ದ. ಗ್ರೈಂಡರ್ ಬೇಡ ಅಂದದ್ದಕ್ಕೆ ಮುನಿಸಿಕೊಂಡಿದ್ದಾನೆ ಅಂದುಕೊಂಡೆ. ಸ್ಟೂಲು ನೋಡಿದರೆ ಖಾಲಿ. ಸಾಹೇಬರು ಊರುಗೋಲು ಊರುತ್ತ ಗಲ್ಲಿಗೆ ಇಳಿದಿದ್ದರು. ಚಹಾಕ್ಕೆ ಹೋಗಿರಬೇಕು ಅಂದುಕೊಂಡೆ. ಯಾರಿಗೂ ಅವಸರವಿಲ್ಲ, ನನಗೊಬ್ಬನಿಗೇ ಇದೆ ಅಂತ ಸಿಟ್ಟೂ ಬಂತು.

ಸಾಹೇಬರು ವಾಪಸ್ ಬಂದದ್ದು ಸ್ಟೀಲಿನ ಬೋಗುಣಿ ಹಿಡಿದುಕೊಂಡು. ನಮ್ಮ ಪಕ್ಕದ ಮನೆಯಲ್ಲಿ ಊಟದ ಡಬ್ಬಿಯವರಿಗೆ ಚಪಾತಿ ಮಾಡಿ ಕೊಡುವ ಹೆಂಗಸೊಬ್ಬರಿದ್ದಾರೆ. ಅವರ ಹತ್ತಿರ ಇಸಿದುಕೊಂಡು ಬಂದಿದ್ದರು. ಬೋಗುಣಿಯನ್ನು ಎರಡೂ ಕೈಯಿಂದ ನನ್ನ ಮುಂದೆ ಹಿಡಿದು, "ಲೀಜಿಯೇ, ಆಟಾ" ಅಂದರು. ಒಳಗೆ ಗೋಧಿ ಹಿಟ್ಟು.

ನಾನು ಹಿಟ್ಟನ್ನು ನೋಡಿದೆ, ಸಾಹೇಬರನ್ನು ನೋಡಿದೆ. ಅಷ್ಟರಲ್ಲಿ ಪಾಲುದಾರ ಬೋಲ್ಟಿನ ತಟ್ಟೆ ಹಿಡಿದು ಈ ಕಡೆಯಿಂದ ಬಂದ. ಎಲ್ಲದರ ಆಟಾನೂ ಚೆನ್ನಾಗಿದೆ, ಒಂದೂ ಸವೆದಿಲ್ಲ, ಸುಮ್ಮನೆ ನನ್ನ ಅರ್ಧ ಗಂಟೆ ಹಾಳು ಮಾಡಿದೆ ಅಂತ ಮರಾಠಿಯಲ್ಲಿ ಗೊಣಗಿದ. ಆಗ ನನ್ನ ತಲೆಗೆ ಹೊಳೆಯಿತು. ಮರಾಠಿಯಲ್ಲಿ ಆಟಾ ಅಂದರೆ ಸ್ಕ್ರೂ, ಬೋಲ್ಟುಗಳ ಮೇಲಿನ ಸುರುಳಿ ಗೆರೆ. ಹಿಂದಿಯಲ್ಲಿ ಹಿಟ್ಟು. ನಾನು ಆಟ ಇಲ್ಲ, ಆಟ ಬೇಕು ಅಂದದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದರು, ಇಬ್ಬರೂ ಸಹಾಯಕ್ಕೆ ಎದ್ದಿದ್ದರು.

ಮೊದಲು ನಕ್ಕವರು ಅಕ್ಕಾರು. ಟಯರಿನ ಮೇಲೆ ಕೂತವರು ಹಾಗೇ ಹಿಂದಕ್ಕೆ ಬಾಗಿ ಗೋಡೆಗೆ ಒರಗಿ ನಕ್ಕರು. ಹಿಂದಿ, ಮರಾಠಿ ಎರಡರಲ್ಲೂ ಆ ಇಬ್ಬರಿಗೆ ಅವರೇ ಬಿಡಿಸಿ ಹೇಳಬೇಕಾಯಿತು, ಹೇಳುವಾಗ ಪ್ರತಿಸಲ ನಗು ಮಧ್ಯೆ ಬಂತು. ಹಿಟ್ಟು ಯಾಕೆ ತಂದಿರಿ, ಅನುಮಾನ ಬರಲಿಲ್ಲವೇ ಅಂತ ಸಾಹೇಬರನ್ನು ಕೇಳಿದೆ. ಅವರು ಗಂಭೀರವಾಗಿ ಉತ್ತರಿಸಿದರು. ರ‍್ಯಾಲಿಯಲ್ಲಿ ಸೋರುವ ರೇಡಿಯೇಟರಿಗೆ ಮೊಟ್ಟೆ ಒಡೆದು ಹಾಕಿದ್ದನ್ನು, ಅರಿಶಿನ ಸುರಿದದ್ದನ್ನು, ಪೆಟ್ರೋಲ್ ಟ್ಯಾಂಕಿನ ತೂತಿಗೆ ಬಟ್ಟೆ ಸೋಪು ಮೆತ್ತಿದ್ದನ್ನು ಕಣ್ಣಾರೆ ಕಂಡಿದ್ದಾರಂತೆ. ಮಿಸ್ತ್ರಿ ಹಿಟ್ಟು ಕೇಳಿದರೆ ಅದಕ್ಕೂ ಏನೋ ಉಪಯೋಗ ಇದ್ದೇ ಇರುತ್ತದೆ ಅಂತ ನಂಬಿದ್ದರಂತೆ. ಆ ನಂಬಿಕೆ ಕೇಳಿ ನನ್ನ ಸಿಟ್ಟೆಲ್ಲ ಇಳಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಾಗ ಮೊಣಕೈ ತಗುಲಿ ಬೋಗುಣಿ ಓರೆಯಾಗಿ ಒಂದು ಮುಷ್ಟಿ ಹಿಟ್ಟು ಟೇಬಲ್ಲಿನ ಮೇಲಿದ್ದ ಪೈಪಿನ ಮೇಲೆ ಬಿತ್ತು.

ಅಯ್ಯೋ, ಗಾಳಿಯ ಪೈಪಿಗೆ ಹಿಟ್ಟು ಅಂತ ಒರೆಸಲು ಕೈ ಹಾಕಿದೆ. ನನ್ನ ಬೆರಳು ತಾಗಿದಲ್ಲಿ ಅಲ್ಯುಮಿನಿಯಂ ಹೊಳೆಯಿತು. ಉಳಿದ ಕಡೆ ಬಿಳಿ. ಎಲ್ಲಿ ತಾಗಿತೋ ಅಲ್ಲಿ ಮಾತ್ರ ಗೆರೆ. ಕೈ ಅಲ್ಲೇ ನಿಂತಿತು. ಎಲ್ಲೋ ತಾಗುತ್ತಿದೆ, ಎಲ್ಲಿ ಅಂತ ಕಾಣುತ್ತಿಲ್ಲ ಅಂತ ತಾನೇ ನಾನು ಅಷ್ಟು ಹೊತ್ತು ಗೋಳಾಡಿದ್ದು?

ಗ್ರೈಂಡರಿನ ಪ್ಲಗ್ಗು ನಾನೇ ಕಿತ್ತೆ. ಪೈಪಿನ ಎರಡೂ ಬಾಯಿಗೆ, ಸೆನ್ಸರಿನ ತೂತಿಗೆ ಟೇಪು ಹಚ್ಚಿ ಮುಚ್ಚಿದೆವು, ಒಳಗೆ ಒಂದು ಕಣವೂ ಹೋಗಬಾರದು. ಹೊರಮೈಗೆ ತೆಳ್ಳಗೆ ಎಣ್ಣೆ ಸವರಿದೆವು. ಅಕ್ಕಾರು ಚಪಾತಿಗೆ ಹಿಟ್ಟು ಹಚ್ಚುವ ಕೈಯಿಂದ ಪೈಪಿಗೆ ಹಿಟ್ಟು ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ಬೀಳಿಸಿದರು. ಸಾಹೇಬರು ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತರು, ತಾನು ತಂದ ಹಿಟ್ಟು ಕೊನೆಗೂ ಕೆಲಸಕ್ಕೆ ಬಂತು ಅನ್ನುವ ಠೀವಿಯಲ್ಲಿ. ನಾನು ಪೈಪನ್ನು ಎರಡು ಕೈಯಿಂದ ಹಿಡಿದು, ಎಲ್ಲಿಯೂ ಸವರದಂತೆ ನೇರ ಇಳಿಸಿದೆ. ಅದು ಯಥಾಪ್ರಕಾರ ಒಂದು ಬೆರಳು ಮೇಲೆ ನಿಂತಿತು. ಒಮ್ಮೆ ಮೆಲ್ಲಗೆ ಒತ್ತಿ, ಹಾಗೇ ನೇರ ಮೇಲೆತ್ತಿದೆ.

ತಿರುಗಿಸಿ ನೋಡಿದರೆ ಪೈಪಿನ ಅಡಿಯಲ್ಲಿ, ಬಾಗುವ ಜಾಗದ ಸ್ವಲ್ಪ ಈಚೆಗೆ, ಓರೆಯಾಗಿ ಒಂದು ಹೊಳೆಯುವ ಗೆರೆ. ಅಕ್ಕಿಕಾಳಿನಷ್ಟು ಅಗಲ, ಎರಡು ಬೆರಳಿನಷ್ಟು ಉದ್ದ. ಬೇರೆ ಎಲ್ಲೂ ಹಿಟ್ಟು ಕೆಟ್ಟಿರಲಿಲ್ಲ. ಅಷ್ಟು ಸಂತೋಷ ನನಗೆ ಮೊದಲ ಸಲ ಇಂಜಿನ್ ಕಟ್ಟಿ ಚಾಲೂ ಮಾಡಿದ ದಿನವೂ ಆಗಿರಲಿಕ್ಕಿಲ್ಲ.

ಆ ಗೆರೆಯ ನೇರಕ್ಕೆ ಕೆಳಗೆ ಇದ್ದದ್ದು ಬ್ಯಾಟರಿಯ ತಟ್ಟೆ. ಬ್ಯಾಟರಿ ಎತ್ತಿ, ತಟ್ಟೆ ಬಿಚ್ಚಿ, ಟಾರ್ಚು ಮತ್ತು ಗಡ್ಡ ಹೆರೆಯುವ ಕನ್ನಡಿ ಹಿಡಿದು ನೋಡಿದೆವು. ತಟ್ಟೆಯ ಅಂಚಿನ ಮರೆಯಲ್ಲಿ ತೆಳ್ಳಗಿನ ಕಬ್ಬಿಣದ ಒಂದು ಪಟ್ಟಿ ಸೆಟೆದು ನಿಂತಿತ್ತು. ಹಳೆಯ ಫಿಲ್ಟರ್ ಡಬ್ಬಿಗೆ ಕೆಳಗಿಂದ ಆಸರೆ ಕೊಡುತ್ತಿದ್ದ ಪಟ್ಟಿ. ಡಬ್ಬಿ ಹೋದ ಮೇಲೆ ಅದಕ್ಕೆ ಕೆಲಸವಿಲ್ಲ, ಆದರೂ ಜಾಗ ಬಿಟ್ಟಿರಲಿಲ್ಲ. ಹಾಳೆಯಲ್ಲಿನ ಅರ್ಥವಾಗದ ಚಿತ್ರಗಳಲ್ಲಿ ಒಂದು ಇದೇ ಆಗಿತ್ತೆಂದು ಆಮೇಲೆ ಗೊತ್ತಾಯಿತು. ಆ ಚಿತ್ರವನ್ನು ನಾನು ತಲೆಕೆಳಗಾಗಿ ಹಿಡಿದು ನೋಡಿದ್ದೆ.

ಪಟ್ಟಿಯನ್ನು ಹಿಡಿದಿದ್ದದ್ದು ಒಂದೇ ಬೋಲ್ಟು. ಸ್ಪ್ಯಾನರ್ ಹಾಕಿ ತಿರುಗಿಸಿದೆ. ಸರಾಗವಾಗಿ ತಿರುಗಿತು. ಇನ್ನೂ ತಿರುಗಿಸಿದೆ, ಇನ್ನೂ ತಿರುಗಿತು. ಒಂದಿಷ್ಟೂ ಮೇಲೆ ಬರಲಿಲ್ಲ. ಅಲ್ಲೇ ಗರಗರ ತಿರುಗುತ್ತ ನಿಂತಿತು. ಪಾಲುದಾರ ಬಗ್ಗಿ ನೋಡಿ, ನಿಧಾನಕ್ಕೆ ನೆಟ್ಟಗಾಗಿ, ಕೈ ಒರೆಸಿಕೊಂಡ. ಇಡೀ ದಿನದಲ್ಲಿ ಮೊದಲ ಸಲ ಅವನ ಮುಖ ಅರಳಿತು.

"ಅಣ್ಣಾ," ಅಂದ, "ಹ್ಯಾಚಾ ಆಟಾ ಗೇಲಾ."

ಇದರ ಸುರುಳಿ ಸವೆದುಹೋಗಿದೆ ಅಂತ. ಆಟಾ ನೋಡು ಅಂದದ್ದಕ್ಕೆ ನೋಡಿದ್ದರಲ್ಲಿ ನನ್ನ ತಪ್ಪೇನು ಅಂತ ಅದರ ಒಳಗಿನ ಅರ್ಥ. ಒಪ್ಪಿಕೊಂಡೆ. ಆ ಸಂದಿಗೆ ನನ್ನ ದಪ್ಪ ಕೈ ಹೋಗುವಂತಿರಲಿಲ್ಲ. ಅವನ ಮಣಿಕಟ್ಟು ತೆಳ್ಳಗೆ. ಚಪ್ಪಟೆ ಸ್ಕ್ರೂಡ್ರೈವರನ್ನು ಪಟ್ಟಿಯ ಕೆಳಗೆ ತೂರಿಸಿ ನಾನು ಮೇಲಕ್ಕೆ ಮೀಟಿ ಹಿಡಿದೆ, ಅವನು ಬೆರಳ ತುದಿಯಲ್ಲಿ ಸ್ಪ್ಯಾನರನ್ನು ಕಾಲು ಕಾಲು ಸುತ್ತು ತಿರುಗಿಸಿದ. ಹೀಗೆ ಮೀಟಿ ಹಿಡಿದರೆ ಉಳಿದ ಒಂದೆರಡು ಸುರುಳಿ ಕಚ್ಚಿಕೊಂಡು ಮೇಲೆ ಬರುತ್ತದೆ. ಮೀಟುವುದು ಹೆಚ್ಚಾದರೆ ಅದೂ ಕಿತ್ತುಹೋಗುತ್ತದೆ. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಬೋಲ್ಟು ಹಾಲುಹಲ್ಲಿನ ಹಾಗೆ ಅವನ ಕೈಗೆ ಬಂತು. ಅದನ್ನು ಒರೆಸಿ ಶರ್ಟಿನ ಜೇಬಿಗೆ ಹಾಕಿಕೊಂಡ.

ಬ್ಯಾಟರಿ ಮತ್ತೆ ಕೂಡಿಸಿ, ಪೈಪಿನ ತುದಿಗಳನ್ನು ಒರೆಸಿ ಟೇಪು ಕಿತ್ತು, ಸೆನ್ಸರ್ ಸಿಕ್ಕಿಸಿ ಪೈಪು ಇಳಿಸಿದೆ. ಅದು ಇಳಿಯಿತು. ಬೆಳಗಿನಿಂದ ಹೋರಾಡಿದ್ದು ಇದರ ಜೊತೆಗೇನಾ ಅನ್ನುವಷ್ಟು ಸುಮ್ಮನೆ ಇಳಿದು, ಎರಡೂ ತೋಳಿನೊಳಗೆ ತಾನೇ ಹೊಕ್ಕು ಕೂತಿತು. ಇಲ್ಲಿ ಅವಸರ ಮಾಡಬಾರದು. ಒಂದು ಕ್ಲಾಂಪು ಬಿಗಿದು ಇನ್ನೊಂದಕ್ಕೆ ಹೋದರೆ ಪೈಪು ಎಳೆದುಕೊಂಡು ಮತ್ತೆ ಓರೆಯಾಗುತ್ತದೆ. ನಾಲ್ಕನ್ನೂ ಸಡಿಲ ಬಿಟ್ಟು, ಪೈಪನ್ನು ಅಲುಗಿಸಿ ಅದಕ್ಕೆ ಎಲ್ಲಿ ನೆಮ್ಮದಿಯೋ ಅಲ್ಲಿ ಕೂರಲು ಬಿಟ್ಟು, ಆಮೇಲೆ ಒಂದೊಂದು ಸುತ್ತು ಸರದಿಯ ಮೇಲೆ ಬಿಗಿದೆವು. ಇಂಜಿನ್ ಚಾಲೂ ಆದಾಗ ನಡುಗುತ್ತದೆ, ಆಗ ಬ್ಯಾಟರಿಗಾಗಲಿ ಬಾನೆಟ್ಟಿಗಾಗಲಿ ಪೈಪು ತಾಗಬಾರದು. ಸುತ್ತಲೂ ಒಂದು ಬೆರಳಿನಷ್ಟು ಆಟ ಬೇಕು. ಅಕ್ಕಾರು ತಮ್ಮ ಬೆರಳು ತೂರಿಸಿ, ಹೋಗ್ತೈತಿ ಅಂದರು. ನಿಮ್ಮ ಬೆರಳು ಲೆಕ್ಕಕ್ಕಿಲ್ಲ, ಸಣ್ಣದು ಅಂತ ಹೇಳಿ ನಾನು ನನ್ನ ಹೆಬ್ಬೆರಳು ತೂರಿಸಿದೆ. ಅದೂ ಹೋಯಿತು.

ಹೊರಗೆ ಅಂಟಿದ ಹಿಟ್ಟನ್ನು ಬಟ್ಟೆಯಿಂದ ಒರೆಸಿ, ಬ್ಲೋವರ್ ಹೊಡೆದೆವು. ಪೈಪು ಇಳಿಸುವ ಮೊದಲೇ, ಇಂಜಿನ್ನಿನ ಬಾಯಿಗೆ ತುರುಕಿದ ಬಟ್ಟೆ ತೆಗೆಯುವ ಮರ್ಯಾದೆ ಅಕ್ಕಾರಿಗೆ ಕೊಟ್ಟಿದ್ದೆವು. ಅವರು ಕೀಲಿ ಹಿಡಿದು ಬಟ್ಟೆಯನ್ನು ಮೆಲ್ಲಗೆ ಎಳೆದು, ಗಂಟು ಬಿಚ್ಚಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು. ಈಗ ಬಲಗಡೆ ಬಾಗಿಲು ತೆಗೆದು ಕೂತು ಚಾಲೂ ಮಾಡಿದರು. ಇಂಜಿನ್ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಮತ್ತೆ ಏರಿತು. ನನ್ನ ಎದೆಯೂ ಅದರ ಜೊತೆಗೆ ಏರಿ ಇಳಿಯಿತು. ನೋಡಿದರೆ ಪೈಪಿನ ಪಕ್ಕದಲ್ಲಿ ಕಿರುಬೆರಳು ಗಾತ್ರದ ರಬ್ಬರ್ ನಳಿಕೆಯೊಂದನ್ನು ಸಿಕ್ಕಿಸಲು ಮರೆತಿದ್ದೆ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಪಾಲುದಾರ ಅದನ್ನು ಸಿಕ್ಕಿಸಿ ನನ್ನ ಮುಖ ನೋಡಿದ. ಬೈದಿದ್ದರೇ ಚೆನ್ನಾಗಿತ್ತು. ಇಂಜಿನ್ ಸದ್ದು ಸಮನಾಗಿ, ಒಂದೇ ಸ್ವರದಲ್ಲಿ ನಿಂತಿತು. ಗಂಟೆ ಮೂರು ಐವತ್ತು.

ದಾರಿಯಲ್ಲಿ ಏನಾದರೂ ಸಡಿಲವಾದರೆ ಅಂತ ಸ್ಕ್ರೂಡ್ರೈವರ್ ಹಿಡಿದು ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಹೈವೇಯಲ್ಲಿ ಶನಿವಾರದ ಟ್ರಾಫಿಕ್ಕು ಹೇಗಿರಬೇಕೋ ಹಾಗೇ ಇತ್ತು. ಸಾಹೇಬರು ಎಡಕ್ಕೆ ಕೂತು ತಮಗೆ ಬಂದ ಹೊಸ ಕೆಲಸ ಅಭ್ಯಾಸ ಮಾಡುತ್ತಿದ್ದರು. ಎಡಕ್ಕೆ ತಿರುಗು ಅಂತ ಅವರು ಹೇಳುವುದು ತಿರುವು ದಾಟಿದ ಮೇಲೆ. ಅಷ್ಟರಲ್ಲಿ ಅಕ್ಕಾರು ತಿರುಗಿಸಿಯೇ ಆಗಿರುತ್ತಿತ್ತು. ಇಂಡಿಕೇಟರ್ ಹಾಕಿ, ಬಸ್ಸು ಟ್ರಕ್ಕುಗಳ ನಡುವೆ ಸಣ್ಣ ಸಂದಿ ಹುಡುಕಿ, ನಿಧಾನವಾಗಿ ಮುಂದೆ ಹೋದರು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ನಗುತ್ತಿದ್ದರು.

ಐದಕ್ಕೆ ಹದಿನೈದು ನಿಮಿಷ ಇರುವಾಗ ಮೈದಾನ ಮುಟ್ಟಿದೆವು. ತಪಾಸಣೆಯವರು ಬಾನೆಟ್ ಎತ್ತಿಸಿ ಪೈಪನ್ನು ಹಿಡಿದು ಅಲುಗಿಸಿದರು, ಕ್ಲಾಂಪು ಒತ್ತಿ ನೋಡಿದರು, ಬೆರಳು ತೂರಿಸಿದರು. ಬೆರಳು ಹೊರಗೆ ಬಂದಾಗ ತುದಿ ಬಿಳಿಯಾಗಿತ್ತು. ಬ್ಲೋವರಿಗೂ ಸಿಗದ ಒಂದು ಚಿಟಿಕೆ ಅಲ್ಲೆಲ್ಲೋ ಉಳಿದಿತ್ತು. ಇದೇನು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಅಭಿಮಾನದಿಂದ, ಆಟಾ, ಅಂದರು. ತಪಾಸಣೆಯವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು, ಗಾಜಿಗೆ ಸ್ಟಿಕ್ಕರ್ ಅಂಟಿಸಿದರು. ಅಕ್ಕಾರು ಆ ಸ್ಟಿಕ್ಕರನ್ನು ಅಂಗೈಯಿಂದ ಇನ್ನೊಮ್ಮೆ ಒತ್ತಿದರು. ನಾನು ಲೋಕಲ್ ರೈಲಿಗೆ ಹೊತ್ತಾಯಿತು ಅಂತ ನೆಪ ಹೇಳಿ ಸ್ಟೇಷನ್ನಿಗೆ ನಡೆದೆ.

ಭಾನುವಾರ ನಮಗೆ ಅರ್ಧ ದಿನ ಕೆಲಸ. ಕೆಲಸ ಮುಗಿದ ಮೇಲೂ ಇಬ್ಬರೂ ಶಟರ್ ಎಳೆಯಲಿಲ್ಲ. ಪಾಲುದಾರ ಉಜ್ಜಿದ ಸ್ಪ್ಯಾನರನ್ನೇ ಮತ್ತೆ ಉಜ್ಜುತ್ತಿದ್ದ. ಮೂರು ಗಂಟೆಗೆ ಅಕ್ಕಾರ ಫೋನು ಬಂತು. ಸ್ಪೀಕರ್ ಹಾಕಿದೆ. ಹಿಂದೆ ಗದ್ದಲ, ಯಾರೋ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಗಾಡಿ ಎಲ್ಲೂ ಕೆಮ್ಮಲಿಲ್ಲ, ಘಾಟಿನಲ್ಲಿ ಗುಂಡಿನ ಹಾಗೆ ಏರಿತು ಅಂದರು. ಸಾಹೇಬರು ಎರಡು ಸಲ ದಾರಿ ತಪ್ಪಿಸಿದರಂತೆ. ಇಪ್ಪತ್ತು ವರ್ಷದಲ್ಲಿ ತಾನು ಒಮ್ಮೆಯೂ ತಪ್ಪಿಸಿರಲಿಲ್ಲ ಅಂತ ಅಕ್ಕಾರು ಅಲ್ಲೇ, ಎಲ್ಲರ ಮುಂದೆ ಹೇಳಿದರಂತೆ. ಬಹುಮಾನ ಬರಲಿಲ್ಲ. ಆದರೆ ಕೊನೆಯ ಗೆರೆ ದಾಟಿ ಕಾರು ನಿಲ್ಲಿಸಿದ ಮೇಲೂ ಸ್ಟಿಯರಿಂಗ್ ಬಿಡಲು ಮನಸ್ಸಾಗದೆ ಹಾಗೇ ಕೂತಿದ್ದರಂತೆ. ಹೇಗಾಯಿತು ಒಟ್ಟಿನಲ್ಲಿ ಅಂತ ಕೇಳಿದೆ.

"ಆಟ ಭಾಳ ಛಲೋ ಆತ್ರೀ ಅಣ್ಣಾರ," ಅಂದರು. ಧ್ವನಿ ಶಾಲೆ ಬಿಟ್ಟ ಹುಡುಗಿಯದು.

ಪಾಲುದಾರನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಉಳಿದದ್ದು ಅವನಿಗೆ ಅರ್ಥವಾಗಿರಲಿಲ್ಲ, ಆ ಒಂದು ಶಬ್ದ ಮಾತ್ರ ಕೇಳಿಸಿತ್ತು. ಯಾವ ಆಟಾ, ನನ್ನದಾ, ನಿನ್ನದಾ ಅಂತ ಗಾಬರಿಯಿಂದ ಕೇಳಿದ.

ನಿನ್ನದೂ ಅಲ್ಲ, ನನ್ನದೂ ಅಲ್ಲ, ಇದು ಅಕ್ಕಾರದು ಅಂದೆ.